ಮಾವನವರು ವಾಚ್‌ಮನ್ ಹುಡುಕಿದ್ದು

ನಮ್ಮ ಮಾವನವರಿಗೆ ಇವತ್ತಿನವರೆಗೂ ಯಾರೂ ಟೋಪಿ ಹಾಕಿಲ್ಲ. ಹಾಕಲು ಬಂದವರು ಬೇಕಾದಷ್ಟು ಜನ ಇದ್ದಾರೆ. ಆದರೆ ಅವರೆಲ್ಲ ಮಾವನವರ ಪ್ರಶ್ನೆಗಳಿಗೆ ಉತ್ತರ ಕೊಟ್ಟೂ ಕೊಟ್ಟೂ ಸುಸ್ತಾಗಿ, ತಾವು ಬಂದದ್ದು ಯಾಕೆಂಬುದನ್ನೇ ಮರೆತು, ನಮ್ಮತ್ತೆ ಕೊಟ್ಟ ಚಹಾ ಕುಡಿದು, ಬಾಗಿಲಲ್ಲಿ ಚಪ್ಪಲಿ ಹುಡುಕಿಕೊಂಡು ಹೋಗಿದ್ದಾರೆ. ಇದನ್ನು ನೀವು ಹೊಗಳಿಕೆ ಎಂದಾದರೂ ತಿಳಿಯಿರಿ, ಸೊಸೆಯೊಬ್ಬಳ ಗೋಳು ಎಂದಾದರೂ ತಿಳಿಯಿರಿ. ನಾನಂತೂ ಹೆಮ್ಮೆಯಿಂದಲೇ ಹೇಳುತ್ತಿದ್ದೇನೆ.

ಮಾವನವರು ಗದಗಿನ ಕಡೆಯವರು. ಹರೆಯದಲ್ಲಿ ನಾಗಪುರಕ್ಕೆ ಬಂದು ಇಲ್ಲಿನ ಮದ್ದುಗುಂಡಿನ ಕಾರ್ಖಾನೆ ಸೇರಿ, ಇಲ್ಲೇ ನಿವೃತ್ತರಾಗಿ, ಕನ್ಹಾನ್ ಹತ್ತಿರ ತಮ್ಮಂಥವರೇ ಇರುವ ಒಂದು ಬಡಾವಣೆಯಲ್ಲಿ ಮನೆ ಕಟ್ಟಿಕೊಂಡವರು. ಮದ್ದುಗುಂಡಿನ ಕಾರ್ಖಾನೆಯೆಂದರೆ ಸುಮ್ಮನೆಯೇ? ಒಳಗೆ ಹೋಗುವಾಗ ಬೆಂಕಿಪೊಟ್ಟಣ ಇದೆಯೇ ಎಂದು ಮೈ ತಡವುತ್ತಾರೆ, ಹೊರಗೆ ಬರುವಾಗ ಇನ್ನೇನೋ ಇದೆಯೇ ಎಂದು ಮತ್ತೆ ತಡವುತ್ತಾರೆ. ಇಡೀ ಜೀವಮಾನ ಹೀಗೆ ತಡವಿಸಿಕೊಂಡ ಮನುಷ್ಯ, ನಿವೃತ್ತಿಯ ಮರುದಿನದಿಂದ ತಾವೇ ಜಗತ್ತನ್ನು ತಡವಲು ಶುರುಮಾಡಿದರು.

ಅದರಲ್ಲೂ ಬಿಟ್ಟಿ ಸಿಕ್ಕಿದ್ದೆಂದರೆ ಮುಗಿದೇಹೋಯಿತು. ಇಲ್ಲಿ ನಾಗಪುರದ ಮಾತಿನಲ್ಲಿ ಬಿಟ್ಟಿಗೆ ‘ಫುಕಟ್’ ಎನ್ನುತ್ತಾರೆ. ಒಮ್ಮೆ ತರಕಾರಿಯವನು ಬದನೆಕಾಯಿಯ ಜೊತೆ ಒಂದು ಹಿಡಿ ಕರಿಬೇವು ಫುಕಟ್ ಹಾಕಿದ. ಮಾವನವರು ಚೀಲವನ್ನು ಅಲ್ಲೇ ಕೆಳಗಿಟ್ಟು, "ಯಾಕ ಹಾಕಿದಿ?" ಎಂದು ಕೇಳಿದರು. ಅವನು ನಕ್ಕ. ಇವರು ನಗಲಿಲ್ಲ. ಕೊನೆಗೆ ಅವನ ಹಿತ್ತಲಲ್ಲಿ ಕರಿಬೇವಿನ ಮರವಿದೆ, ಹೆಂಡತಿ ಬೆಳಿಗ್ಗೆ ಕಿತ್ತು ಕೊಡುತ್ತಾಳೆ ಎಂಬಷ್ಟು ವಿಷಯ ಹೊರಬಂದ ಮೇಲೆಯೇ ಚೀಲ ಎತ್ತಿಕೊಂಡದ್ದು.

ನನ್ನ ಮದುವೆಯಲ್ಲೂ ಇದೇ ಆಗಿತ್ತಂತೆ. ಮೈಸೂರಿನ ನಮ್ಮ ಮನೆಯವರು ಒಂದೇ ಮಾತಿಗೆ ಒಪ್ಪಿಬಿಟ್ಟರಲ್ಲ, ಮಾವನವರಿಗೆ ಸಂಶಯ. "ಇಷ್ಟು ಜಲ್ದಿ ಹೂಂ ಅಂದ್ರಂದ್ರ ಹುಡುಗಿಯೊಳಗ ಏನೋ ಐತಿ" ಎಂದು ಇನ್ನೊಮ್ಮೆ ರೈಲು ಹತ್ತಿ ಬಂದು ನನ್ನನ್ನು ನೋಡಿ ಹೋದರು. ನನ್ನೊಳಗೆ ಏನಿತ್ತೆಂದು ಈವರೆಗೂ ಹೇಳಿಲ್ಲ.

ಇಂಥ ಮನುಷ್ಯನ ಕೈಗೆ ಒಂದು ಕಂಪ್ಯೂಟರ್ ಬಂತು. ನನ್ನ ಗಂಡ ತನಗೆ ಲ್ಯಾಪ್‌ಟಾಪ್ ತಂದುಕೊಂಡು ಮನೆಯ ಡೆಸ್ಕ್‌ಟಾಪನ್ನು ಅಪ್ಪನಿಗೆ ಬಿಟ್ಟುಕೊಟ್ಟ. ಮಾವನವರು ಅದರಲ್ಲಿ ಇಸ್ಪೀಟು ಆಡಿಕೊಂಡು ಇರುತ್ತಾರೆ ಎಂದು ನಾವು ಎಣಿಸಿದ್ದೆವು. ಆದರೆ ಅವರು ಬೆರಳಚ್ಚು ತೆಗೆಯುವ ಒಂದು ಪುಟ್ಟ ಯಂತ್ರ ಕೊಂಡು ತಂದು ಅದಕ್ಕೆ ಜೋಡಿಸಿದರು. ಪಿಂಚಣಿ ಪಡೆಯುವವರು ಪ್ರತಿ ನವೆಂಬರಿನಲ್ಲಿ ತಾವು ಇನ್ನೂ ಬದುಕಿದ್ದೇವೆ ಎಂದು ಸರಕಾರಕ್ಕೆ ಪ್ರಮಾಣಪತ್ರ ಕೊಡಬೇಕಲ್ಲ, ಈಗ ಅದನ್ನು ಕಂಪ್ಯೂಟರಿನಲ್ಲಿ ಬೆರಳೊತ್ತಿ ಕೊಡಬಹುದು. ಬಡಾವಣೆಯ ಮುದುಕ ಮುದುಕಿಯರೆಲ್ಲ ಮೊಣಕಾಲು ಹಿಡಿದುಕೊಂಡು ಎಲ್ಲೆಲ್ಲೋ ಹೋಗಿ ಸಾಲು ನಿಲ್ಲುವ ಬದಲು ನಮ್ಮ ಪಡಸಾಲೆಗೆ ಬರತೊಡಗಿದರು. ಬದುಕಿರುವುದನ್ನು ಸಾಬೀತು ಮಾಡಿ, ಅತ್ತೆ ಮಾಡಿದ ಅವಲಕ್ಕಿ ತಿಂದು ಹೋಗುತ್ತಿದ್ದರು.

ಮೇ ತಿಂಗಳಲ್ಲಿ ಕಥೆ ಶುರುವಾಯಿತು. ನನ್ನ ಗಂಡನ ಫೋನಿಗೆ ಒಂದು ಸಂದೇಶ ಬಂತು. ಆ ಕಂಪ್ಯೂಟರಿನಲ್ಲಿದ್ದ ಆಂಟಿವೈರಸ್ಸಿನ ವಾರ್ಷಿಕ ಶುಲ್ಕ ಅವನ ಕಾರ್ಡಿನಿಂದ ತಾನಾಗಿಯೇ ಕಡಿತವಾಗಿತ್ತು. ಅವನು ಊಟಕ್ಕೆ ಕೂತಾಗ ಅಪ್ಪನ ಮುಂದೆ ಅದನ್ನು ಬಾಯಿಬಿಟ್ಟ. ತಪ್ಪು ಮಾಡಿದ.

"ಕೇಳದ ತಗೊಂಡನೇನು?" ಎಂದರು ಮಾವನವರು.

"ಆಟೋ ರಿನ್ಯೂವಲ್ ಇತ್ತಪ್ಪಾ. ಅದರ ಪದ್ಧತಿನ ಹಂಗ."

"ಅಂದ್ರ ನಾವು ಮಲಗಿದಾಗ ಬಂದು, ಗೂಟಕ್ಕ ಹಾಕಿದ ಅಂಗಿ ಕಿಸೇದಾಗ ಕೈ ಹಾಕಿ, ತನ್ನ ಪಗಾರ ತಾನ ತಗೊಂಡು ಹೋಗೋ ವಾಚ್‌ಮನ್. ಇವನಿಂದ ಮನಿ ಯಾರು ಕಾಯಬೇಕು?"

ಅವತ್ತೇ ಆ ವಾಚ್‌ಮನ್ ವಜಾ ಆದ. ಶುಲ್ಕವೂ ವಾಪಸ್ ಬಂತು. ಹೇಗೆ ಬಂತೆಂದು ಕೇಳಬೇಡಿ, ಮಾವನವರು ಬರೆದ ಮಿಂಚಂಚೆಯನ್ನು ಓದಿದವರು ಯಾರಾದರೂ ವಾಪಸ್ ಕೊಡುತ್ತಿದ್ದರು. ಇನ್ನು ಮುಂದೆ ದುಡ್ಡು ತೆಗೆದುಕೊಳ್ಳುವ ಆಂಟಿವೈರಸ್ ಈ ಮನೆಗೆ ಬರಕೂಡದು ಎಂದು ತೀರ್ಮಾನವಾಯಿತು. ಹಾಗಾದರೆ ಉಳಿದದ್ದು ಯಾವುದು? ಫುಕಟ್ ಕೊಡುವ ಆಂಟಿವೈರಸ್. ಫುಕಟ್ ಕರಿಬೇವನ್ನೇ ನಂಬದ ಮನುಷ್ಯ ಈಗ ಫುಕಟ್ ವಾಚ್‌ಮನ್‌ನನ್ನು ನಂಬಬೇಕಾಗಿ ಬಂತು. ಅತ್ತೆ ಅನ್ನ ಬಡಿಸುತ್ತ, "ಇನ್ನ ದೀಪಾವಳಿ ತನಕ ನನಗ ಮಾತಾಡ್ಸೋರು ಯಾರೂ ಇಲ್ಲ" ಎಂದು ತಣ್ಣಗೆ ಹೇಳಿದರು. ಅದು ಹಾಗೇ ಆಯಿತು.

ಮೊದಲ ಸಮಾಲೋಚನೆ ನನ್ನೊಂದಿಗೆ. ನಾನು ನಾಗಪುರದ ಸದರ್ ಪೇಟೆಯ ಒಂದು ರೋಗಪರೀಕ್ಷಾ ಲ್ಯಾಬಿನಲ್ಲಿ ಸೂಕ್ಷ್ಮಾಣುಗಳ ವಿಭಾಗದಲ್ಲಿ ಕೆಲಸ ಮಾಡುತ್ತೇನೆ.

"ಏನವಾ, ವೈರಸ್ ಅಂದ್ರ ನಿನ್ನ ಖಾತೇನ ಅಲ್ಲೇನು?"

"ಮಾವ, ನಮ್ಮದು ಜೀವ ಇರೋ ವೈರಸ್ಸು. ಕಂಪ್ಯೂಟರ್‌ದು ಬೇರೆ."

"ಜೀವ ಇದ್ದಂಗೂ ಹೌದು, ಇಲ್ಲದಂಗೂ ಹೌದು ಅಂತ ನೀನ ಒಮ್ಮೆ ಹೇಳಿದ್ದಿ."

ಹೇಳಿದ್ದೆ. ವೈರಸ್ಸಿನ ವಿಷಯದಲ್ಲಿ ಅದು ನಿಜವೂ ಹೌದು. ಅಡುಗೆಮನೆಯಲ್ಲಿ ಎಂದೋ ಆಡಿದ ಮಾತನ್ನು ಹೀಗೆ ಸಾಕ್ಷಿಗೆ ಕರೆದರೆ ಸೊಸೆ ಏನು ಮಾಡಬೇಕು? ಕೂತು ಗೊತ್ತಿದ್ದಷ್ಟು ಹೇಳಿದೆ. ಆಂಟಿವೈರಸ್ ಎಂಬುದು ಗೊತ್ತಿರುವ ವೈರಸ್‌ಗಳ ಗುರುತನ್ನು ಇಟ್ಟುಕೊಂಡು ಹೋಲಿಸಿ ನೋಡುತ್ತದೆ ಎಂದೆ.

"ಅಂದ್ರ ಹಳೇ ಕಳ್ಳರ ಫೋಟೋ ಹಿಡಕೊಂಡು ಗೇಟಿನಾಗ ಕೂತಾನ. ಹೊಸಾ ಕಳ್ಳ ಬಂದ್ರ?"

"ನಡವಳಿಕೆ ನೋಡಿ ಅನುಮಾನ ಪಡುತ್ತೆ ಮಾವ. ದಿನಾ ಅಪ್‌ಡೇಟ್ ಆಗ್ತಿರಬೇಕು ಅಷ್ಟೆ."

"ಬರೋಬರ್. ದಿನಾ ಪೇಪರ್ ಓದೋ ವಾಚ್‌ಮನ್ ಬೇಕು ಅನ್ನು."

ಮರುದಿನ ನಾನು ಲ್ಯಾಬಿಗೆ ಹೋಗಿ ಬರುವಷ್ಟರಲ್ಲಿ ಮಾವನವರು ಫುಕಟ್ ಆಂಟಿವೈರಸ್ ಮೂರನ್ನು ಒಟ್ಟಿಗೇ ಕೂರಿಸಿಬಿಟ್ಟಿದ್ದರು. ಒಬ್ಬ ನಿದ್ದೆಹೋದರೆ ಇನ್ನೊಬ್ಬ ನೋಡಿಕೊಳ್ಳಲಿ, ಆ ಇಬ್ಬರ ಮೇಲೆ ಮೂರನೆಯವನ ಕಣ್ಣಿರಲಿ ಎಂಬುದು ಅವರ ವಾದ. ಕಾರ್ಖಾನೆಯ ಗೇಟಿನಲ್ಲಿ ಹಾಗೇ ಇತ್ತಂತೆ. ಆದರೆ ಇಲ್ಲಿ ಮೊದಲನೆಯದು ಎರಡನೆಯದನ್ನು ಅನುಮಾನಾಸ್ಪದ ಎಂದು ಹಿಡಿಯಿತು. ಎರಡನೆಯದು ಮೂರನೆಯದರ ಕಡತಗಳನ್ನು ಸೆರೆಗೆ ಹಾಕಿತು. ಮೂರನೆಯದು ಇಡೀ ಕಂಪ್ಯೂಟರನ್ನೇ ತಪಾಸಣೆ ಮಾಡುತ್ತೇನೆಂದು ಹಟ ಹಿಡಿದು ಕೂತಿತು. ಪರದೆಯ ಮೇಲೆ ಒಂದು ಚಕ್ರ ಸುತ್ತುತ್ತಿತ್ತು, ಮಾವನವರು ಕುರ್ಚಿಯಲ್ಲಿ ಕೂತು ಅದನ್ನು ನೋಡುತ್ತಿದ್ದರು. ಯಂತ್ರ ಕಾದುಹೋಗಿತ್ತೆಂದು ಮನೆಯ ಒಂದೇ ಒಂದು ಕೂಲರನ್ನು ಅದರ ಮುಂದೆ ತಂದಿಟ್ಟಿದ್ದರು. ನಾಗಪುರದ ಮೇ ತಿಂಗಳು ಎಂಥದೆಂದು ಇಲ್ಲಿದ್ದವರಿಗೇ ಗೊತ್ತು. ಅತ್ತೆ ಒದ್ದೆ ಟವಲು ತಲೆಗೆ ಹಾಕಿಕೊಂಡು ಮೂಲೆಯಲ್ಲಿದ್ದರು.

"ಮೂರೂ ಮಂದಿ ಕೂಡಿ ಮನಿ ಯಜಮಾನಗ ಒಳಗ ಬಿಡವಲ್ಲರು ನೋಡು" ಎಂದರು ಮಾವನವರು, ಒಂದು ಬಗೆಯ ಮೆಚ್ಚುಗೆಯಿಂದಲೇ.

ನನ್ನ ಗಂಡ ಮೂರನ್ನೂ ತೆಗೆದುಹಾಕಿದ ಮೇಲೆ ಒಬ್ಬೊಬ್ಬರನ್ನೇ ಕರೆದು ಪರೀಕ್ಷಾರ್ಥ ನೇಮಕ ಮಾಡುವುದೆಂದಾಯಿತು. ಮೊದಲು ಬಂದದ್ದು ಬಹಳ ಮಾತುಗಾರ. ಕಂಪ್ಯೂಟರ್ ಹಚ್ಚಿದ ಕೂಡಲೇ ಮೂಲೆಯಿಂದ ಇಣುಕಿ, ನಿಮಗೆ ಅಪಾಯವಿದೆ, ಆದರೆ ಪೂರ್ತಿ ರಕ್ಷಣೆ ಬೇಕಾದರೆ ದುಡ್ಡಿನ ಆವೃತ್ತಿ ಕೊಳ್ಳಿ ಎನ್ನುತ್ತಿತ್ತು. ಬೇಡ ಎಂದು ಒತ್ತಿದರೆ ‘ಆಮೇಲೆ ನೆನಪಿಸು’ ಎಂದು ತಾನೇ ತಿಳಿದುಕೊಳ್ಳುತ್ತಿತ್ತು. "ಇವ ಗೇಟ್ ಕಾಯಾಕ ಬಂದಿಲ್ಲ, ವಿಮಾ ಮಾರಾಕ ಬಂದಾನ" ಎಂದು ಮಾವನವರು ಅದನ್ನು ಹೊರಗೆ ಹಾಕಿದರು.

ಎರಡನೆಯದು ಸಂಭಾವಿತ. ಮಾತಿಲ್ಲ, ಕತೆಯಿಲ್ಲ. ಆದರೆ ಮಾವನವರು ಅದರ ಷರತ್ತುಗಳನ್ನು ಓದಿದರು. ಲೋಕದಲ್ಲಿ ‘ನಾನು ಒಪ್ಪುತ್ತೇನೆ’ ಎಂಬುದನ್ನು ಒತ್ತುವ ಮೊದಲು ಪೂರ್ತಿ ಓದುವ ಮನುಷ್ಯನನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಅವರು ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ ಓದುವರು, ಅರ್ಥವಾಗದ ಕಡೆ ಅತ್ತೆಯ ಅಭಿಪ್ರಾಯ ಕೇಳುವರು. ಅತ್ತೆ ಹೀರೇಕಾಯಿ ಹೆಚ್ಚುತ್ತ ಎಲ್ಲದಕ್ಕೂ "ಹೂಂ" ಎನ್ನುವರು. ಒಂದು ಮಧ್ಯಾಹ್ನ ಮಾವನವರು ಓದುತ್ತಿದ್ದವರು ತಟ್ಟನೆ ನಿಂತರು. ನೀವು ಯಾವ ಯಾವ ತಾಣಗಳಿಗೆ ಹೋಗುತ್ತೀರಿ ಎಂಬ ಮಾಹಿತಿಯನ್ನು ನಾವು ಸಂಗ್ರಹಿಸಿ ನಮ್ಮ ಪಾಲುದಾರರಿಗೆ ಕೊಡಬಹುದು ಎಂದು ಅಲ್ಲಿ ಬರೆದಿತ್ತು.

"ಕೇಳಿದೇನು? ನಾವು ಎಲ್ಲಿ ಹೋಗ್ತೀವಿ, ಯಾರು ನಮ್ಮ ಮನಿಗೆ ಬರ್ತಾರ, ಎಲ್ಲಾ ಬಾಜೂಕಿನವರಿಗೆ ಹೇಳ್ತಾನಂತ."

"ಆ ಕೆಲಸಕ್ಕ ನಮ್ಮ ಓಣ್ಯಾಗ ಮಂದಿ ಇದ್ದಾರಲ್ಲ" ಎಂದರು ಅತ್ತೆ.

ಸಂಭಾವಿತನೂ ಹೋದ. ನನ್ನ ಗಂಡನಿಗೆ ಅಷ್ಟರಲ್ಲಿ ತಾಳ್ಮೆ ಮುಗಿದಿತ್ತು. ಯಾವುದೋ ಒಂದನ್ನು ಹಾಕಿ ಸುಮ್ಮನಿರಬಾರದೇ, ಈ ಹಳೆಯ ಡಬ್ಬಿಯಲ್ಲಿ ಕದಿಯುವಂಥದ್ದು ಏನಿದೆ ಎಂದು ಕೇಳಿದ. ಮಾವನವರು ಕನ್ನಡಕ ತೆಗೆದರು. ಅವರು ಕನ್ನಡಕ ತೆಗೆದರೆ ಮನೆಯಲ್ಲಿ ಎಲ್ಲರೂ ಸುಮ್ಮನಾಗುತ್ತೇವೆ.

"ನನ್ನದೇನೂ ಇಲ್ಲಪಾ. ಮಂದೀದು ಐತಿ. ಅವರ ಆಧಾರ ನಂಬರ, ಬ್ಯಾಂಕಿನ ಖಾತೆ, ಬೆರಳಿನ ಗುರ್ತು, ಎಲ್ಲಾ ಈ ಡಬ್ಬಿ ಮ್ಯಾಲೆ ಭರೋಸಾ ಇಟ್ಟು ಕೊಡ್ತಾರ. ನಾಳೆ ಒಬ್ಬಾಕಿ ಪಿಂಚಣಿ ಹೋತಂದ್ರ ನಾ ಯಾವ ಮಾರಿ ಇಟ್ಟುಕೊಂಡು ಓಣ್ಯಾಗ ಅಡ್ಡಾಡ್ಲಿ?"

ನನ್ನ ಗಂಡ ಕುರ್ಚಿ ಎಳೆದುಕೊಂಡು ಅಪ್ಪನ ಪಕ್ಕ ಕೂತ. ಅವತ್ತಿನಿಂದ ನಾನೂ ಈ ನೇಮಕಾತಿಯನ್ನು ನೋಡಿ ನಗುವುದನ್ನು ಸ್ವಲ್ಪ ಕಡಿಮೆ ಮಾಡಿದೆ. ಪೂರ್ತಿ ಬಿಡಲಿಲ್ಲ, ಅಷ್ಟು ಒಳ್ಳೆಯವಳಲ್ಲ ನಾನು.

ಮಳೆಗಾಲ ಮುಗಿಯುತ್ತ ಬಂದ ಒಂದು ಸಂಜೆ ನಾನು ಲ್ಯಾಬಿನಿಂದ ಬಂದು ಗೇಟು ತೆರೆಯುವಷ್ಟರಲ್ಲಿ ಮನೆಯೊಳಗಿಂದ ಸೈರನ್ನು ಕೇಳಿಸಿತು. ಓಡಿಹೋದೆ. ಪಡಸಾಲೆಯಲ್ಲಿ ಕಂಪ್ಯೂಟರಿನ ಪರದೆ ಕೆಂಪಾಗಿ ಕೂಗುತ್ತಿತ್ತು. ಮಾವನವರು ಮೂರನೆಯ ವಾಚ್‌ಮನ್‌ನನ್ನು ಹುಡುಕುತ್ತ ಯಾವುದೋ ಸುಳ್ಳು ತಾಣದೊಳಗೆ ಕಾಲಿಟ್ಟಿದ್ದರು. ‘ನಿಮ್ಮ ಕಂಪ್ಯೂಟರಿಗೆ ವೈರಸ್ ತಗುಲಿದೆ, ಬ್ಯಾಂಕ್ ಖಾತೆ ಅಪಾಯದಲ್ಲಿದೆ, ಕೂಡಲೇ ಈ ನಂಬರಿಗೆ ಫೋನ್ ಮಾಡಿ’ ಎಂದು ಅಲ್ಲಿ ಇಂಗ್ಲಿಷಿನಲ್ಲಿ ದಪ್ಪ ಅಕ್ಷರಗಳಿದ್ದವು.

ಪಕ್ಕದ ಕುರ್ಚಿಯಲ್ಲಿ ಎದುರುಮನೆಯ ಅಜ್ಜಿ, ನಾವೆಲ್ಲ ಆಜಿ ಎನ್ನುವವರು, ಕೂತಿದ್ದರು. ಅವರು ಮರಾಠಿಯವರು, ಮಾವನವರ ಜೊತೆ ಕೆಲಸ ಮಾಡಿದವರೊಬ್ಬರ ವಿಧವೆ, ಗಂಡನ ಪಿಂಚಣಿಯಲ್ಲೇ ಒಬ್ಬರೇ ಇರುವವರು. ಏನೋ ಕೇಳಲು ಬಂದವರು ಈ ಕೆಂಪು ಬೆಳಕಿಗೆ ಸಿಕ್ಕಿಬಿದ್ದಿದ್ದರು. ಬ್ಯಾಂಕ್ ಎಂಬ ಒಂದು ಶಬ್ದ ಅವರಿಗೆ ಓದಲು ಬಂದಿತ್ತು, ಅಷ್ಟು ಸಾಕಾಯಿತು. ಮಾವನವರು ಸೈರನ್ನು ನಿಲ್ಲಿಸಲು ಗುಂಡಿ ಒತ್ತುತ್ತಿದ್ದಾಗ ಅಲ್ಲಿದ್ದ ನಂಬರಿಗೆ ತಮ್ಮ ಫೋನಿನಿಂದಲೇ ಕರೆ ಮಾಡಿಬಿಟ್ಟಿದ್ದರು. ಸ್ಪೀಕರಿನಲ್ಲಿ ಆ ಕಡೆಯ ಗಂಡಸು ಬಲು ನಯವಾದ ಹಿಂದಿಯಲ್ಲಿ, ಮಾತಾಜಿ, ಹೆದರಬೇಡಿ, ನಿಮಗೆ ಈಗ ಬಂದಿರುವ ನಂಬರನ್ನು ನನಗೆ ಓದಿ ಹೇಳಿ ಎನ್ನುತ್ತಿದ್ದ. ಆಜಿಯ ಫೋನಿಗೆ ನಿಜವಾಗಿಯೂ ಬ್ಯಾಂಕಿನಿಂದ ಒಟಿಪಿ ಬಂದಿತ್ತು. ಖಾತೆಯ ವಿವರವನ್ನು ಅವನಿಗೆ ಆಗಲೇ ಹೇಳಿಯಾಗಿತ್ತು. ಆಜಿ ಕನ್ನಡಕ ಏರಿಸಿ ಮೊದಲ ಅಂಕಿ ಓದಲು ಬಾಯಿ ತೆರೆದರು.

ಮಾವನವರು ತಮ್ಮ ಅಂಗೈಯನ್ನು ಫೋನಿನ ಪರದೆಯ ಮೇಲೆ ಪೂರ್ತಿ ಮುಚ್ಚಿದರು. "ವಹಿನಿ, ಥಾಂಬಾ" ಎಂದರು. ಅತ್ತಿಗೆ, ನಿಲ್ಲಿ ಎಂದು. ಅಷ್ಟು ಮೆತ್ತಗೆ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಆಮೇಲೆ ಫೋನನ್ನು ತಮ್ಮ ಕೈಗೆ ತೆಗೆದುಕೊಂಡರು. ನನಗೆ ಕಣ್ಣಿನಲ್ಲೇ ಸನ್ನೆ ಮಾಡಿದರು. ನಾನು ಪಡಸಾಲೆಯ ಇನ್ನೊಂದು ಕೊನೆಗೆ ಹೋಗಿ ನನ್ನ ಫೋನಿನಿಂದ ಆಜಿಯ ಬ್ಯಾಂಕಿಗೆ ಕರೆ ಮಾಡಿ ಖಾತೆಯನ್ನು ತಡೆಹಿಡಿಸುತ್ತ ನಿಂತೆ. ಅಲ್ಲಿಯವರೆಗೆ ಅವನು ಬೇರೇನೂ ಮಾಡದಂತೆ ಮಾತಿನಲ್ಲಿ ಹಿಡಿದಿಡುವ ಕೆಲಸ ಮಾವನವರದು.

ಹಿಡಿದಿಟ್ಟರು. ನೀನು ವೈರಸ್ ತೆಗೆಯುವವನೋ, ಒಳ್ಳೆಯದಾಯಿತು, ನಾನೂ ಅದೇ ಕೆಲಸಕ್ಕೆ ಜನ ಹುಡುಕುತ್ತಿದ್ದೇನೆ ಎಂದು ಹಿಂದಿಯಲ್ಲಿ ಶುರುಮಾಡಿದರು. ಹೆಸರೇನು, ಎಲ್ಲಿಯವರೆಗೆ ಓದಿದ್ದೀಯ, ಹಿಂದೆ ಎಲ್ಲಿ ಕೆಲಸದಲ್ಲಿದ್ದೆ, ಯಾಕೆ ಬಿಟ್ಟೆ. ಅವನು ನಂಬರು ಹೇಳಿ ಎಂದಾಗಲೆಲ್ಲ ಇವರು ಹೇಳುತ್ತೇನೆ, ಮೊದಲು ಇದಕ್ಕೆ ಉತ್ತರ ಕೊಡು ಎನ್ನುತ್ತಿದ್ದರು. ಈ ಸೇವೆಗೆ ಶುಲ್ಕವೆಷ್ಟು ಎಂದು ಕೇಳಿದರು. ಬಿಲ್‌ಕುಲ್ ಫ್ರೀ ಎಂದ ಪಾಪಿ. ಅವನ ಗ್ರಹಚಾರ.

"ಫ್ರೀ? ಕ್ಯೋಂ?" ಎಂದರು ಮಾವನವರು.

ಮುಂದಿನದನ್ನು ನಾನು ಬ್ಯಾಂಕಿನವರೊಡನೆ ಮಾತಾಡುತ್ತಲೇ ಅರ್ಧಂಬರ್ಧ ಕೇಳಿಸಿಕೊಂಡೆ. ಫ್ರೀ ಆದರೆ ನಿನ್ನ ಪಗಾರ ಯಾರು ಕೊಡುತ್ತಾರೆ, ಕೊಡುವವನಿಗೆ ಏನು ಲಾಭ, ಮನೆಯಲ್ಲಿ ತಾಯಿಗೆ ಏನು ಕೆಲಸ ಮಾಡುತ್ತೇನೆಂದು ಹೇಳಿದ್ದೀಯ. ಈ ಕೊನೆಯ ಪ್ರಶ್ನೆಗೆ ಕರೆ ಕಡಿಯಿತು. ಅಷ್ಟರಲ್ಲಿ ಖಾತೆಯೂ ಭದ್ರವಾಗಿತ್ತು.

ಮಾವನವರು ಕಂಪ್ಯೂಟರಿನ ಪ್ಲಗ್ಗು ಕಿತ್ತರು. ಸೈರನ್ನು ನಿಂತಿತು. ಆಜಿ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಿದ್ದರು. ಅತ್ತೆ ನೀರು ತಂದುಕೊಟ್ಟು ಅವರ ಬೆನ್ನು ಸವರಿದರು. "ಏನಾತ್ರೀ, ಏನಂದ ಅವ?" ಎಂದು ಗಂಡನನ್ನು ಕೇಳಿದರು.

"ನೌಕರಿ ಬ್ಯಾಡಂತ" ಎಂದರು ಮಾವನವರು.

ಸೈಬರ್ ಸಹಾಯವಾಣಿಗೂ ತಿಳಿಸಿದ್ದಾಯಿತು. ಮರುದಿನ ನಾನು ಲ್ಯಾಬಿನಲ್ಲಿ ಈ ಕಥೆಯನ್ನು ಸಿಕ್ಕಸಿಕ್ಕವರಿಗೆಲ್ಲ ಹೇಳಿದೆ. ಮೆಟ್ರೋದಲ್ಲಿ ಪಕ್ಕ ಕೂತ ಅಪರಿಚಿತೆಗೂ ಹೇಳಿದೆ. ಆಕೆ ನಿಮ್ಮ ತಂದೆಯಾ ಎಂದು ಕೇಳಿದಳು. ನಾನು ತಿದ್ದಲು ಹೋಗಲಿಲ್ಲ.

ವಾಚ್‌ಮನ್ ಕೊನೆಗೂ ಸಿಕ್ಕಿದ. ಸೈರನ್ನಿನ ಪ್ರಕರಣವಾದ ಮೇಲೆ ನನ್ನ ಗಂಡ ಕಂಪ್ಯೂಟರನ್ನು ಪೂರ್ತಿ ತೊಳೆದು ಹೊಸದಾಗಿ ಕಟ್ಟಿಕೊಟ್ಟಿದ್ದ. ಮಾವನವರು ಅದರ ಸೆಟ್ಟಿಂಗುಗಳನ್ನು ಒಂದೊಂದಾಗಿ ತೆರೆದು ಓದುತ್ತ ಹೋದರು. ಒಂದು ಕಡೆ ಸಣ್ಣ ಗುರಾಣಿಯ ಚಿತ್ರ, ಅದರ ಮೇಲೆ ಹಸಿರು ಗುರುತು. ಕಂಪ್ಯೂಟರಿನ ಮೂಲ ವ್ಯವಸ್ಥೆಯ ಜೊತೆಗೇ ಬಂದ ಆಂಟಿವೈರಸ್ ಅದು. ನಾವು ಹೊರಗಿನವರನ್ನು ಕರೆತಂದಾಗಲೆಲ್ಲ ಅದು ಸುಮ್ಮನೆ ಬದಿಗೆ ಸರಿದು ನಿಲ್ಲುತ್ತಿತ್ತು, ಅವರು ಹೋದ ಕೂಡಲೇ ಬಂದು ಮತ್ತೆ ಕಾವಲಿಗೆ ಕೂರುತ್ತಿತ್ತು.

ಮಾವನವರು ಪರೀಕ್ಷೆ ಮಾಡದೆ ಬಿಡುತ್ತಾರೆಯೇ? ಆಂಟಿವೈರಸ್‌ಗಳನ್ನು ಪರೀಕ್ಷಿಸಲೆಂದೇ ಮಾಡಿಟ್ಟ, ಯಾವ ಹಾನಿಯೂ ಮಾಡದ ಸುಳ್ಳು ವೈರಸ್ಸಿನ ಕಡತವೊಂದಿದೆ. ಮಗನ ಕೈಯಿಂದ ಅದನ್ನು ತರಿಸಿ ಒಳಗೆ ಬಿಟ್ಟರು. ಗುರಾಣಿಯವನು ತಕ್ಷಣ ಹಿಡಿದ. ಮಾವನವರ ಮುಖ ಅರಳಿತು.

"ಆದ್ರೆ ಇದೂ ಫುಕಟ್ಟೇ ಅಲ್ವಾ ಮಾವ?" ಎಂದು ನಾನು ಕೆಣಕಿದೆ.

"ಅಲ್ಲವಾ. ಮನಿ ಕಟ್ಟಿದಾವ ಬಾಗಲಕ್ಕ ಕೀಲಿ ಹಾಕೇ ಕೊಡ್ತಾನಿಲ್ಲೋ? ಮನಿ ರೊಕ್ಕದಾಗ ಕೀಲಿ ರೊಕ್ಕ ಸೇರಿರ್ತೈತಿ. ನಾವು ಸುಳ್ಳ ಓಣಿ ತುಂಬ ಕೀಲಿ ಹುಡಿಕ್ಯಾಡಿದ್ವಿ."

ಕೀಲಿಯನ್ನೂ ಪೂರ್ತಿ ನಂಬಲಿಲ್ಲ ಅನ್ನಿ. ಗೊತ್ತಿಲ್ಲದ ಲಿಂಕು ಮುಟ್ಟಬೇಡಿ, ಫೋನಿನಲ್ಲಿ ಯಾರಿಗೂ ಒಟಿಪಿ ಹೇಳಬೇಡಿ ಎಂದು ಕನ್ನಡ, ಮರಾಠಿ, ಹಿಂದಿಗಳಲ್ಲಿ ರಟ್ಟಿನ ಮೇಲೆ ಬರೆದು ಕಂಪ್ಯೂಟರಿನ ಮೇಲೆ ತೂಗುಹಾಕಿದರು. ಬಂದವರಿಗೆಲ್ಲ ಅದನ್ನು ಗಟ್ಟಿಯಾಗಿ ಓದಿಸಿದ ಮೇಲೆಯೇ ಕೆಲಸ.

ನವೆಂಬರ್ ಬಂತು. ಪಡಸಾಲೆ ತುಂಬಿತು. ಕಾರ್ಖಾನೆಯಲ್ಲಿ ಜೀವನವಿಡೀ ಲೋಹ ಮುಟ್ಟಿದವರ ಬೆರಳಲ್ಲಿ ಗೆರೆಗಳೇ ಸವೆದಿರುತ್ತವೆ, ಯಂತ್ರ ಒಪ್ಪುವುದಿಲ್ಲ. ಮಾವನವರು ಅವರ ಕೈಗಳನ್ನು ಬಿಸಿನೀರಿನಲ್ಲಿ ತೊಳೆಸಿ, ಟವಲಿನಿಂದ ಒರೆಸಿ, ಒಂದು ಬೆರಳು ಆಗದಿದ್ದರೆ ಇನ್ನೊಂದು, ಬಲಗೈ ಆಗದಿದ್ದರೆ ಎಡಗೈ ಎಂದು ಮಗುವಿಗೆ ಅಕ್ಷರ ತಿದ್ದಿಸುವಂತೆ ಒತ್ತಿಸುತ್ತಿದ್ದರು. ಪರದೆಯಲ್ಲಿ ಹಸಿರು ಗುರುತು ಬಂದಾಗ, "ಇದ್ದೀರಿ, ಹೋಗ್ರಿ, ಅವಲಕ್ಕಿ ತಿನ್ರಿ" ಎಂದು ಕಳಿಸುತ್ತಿದ್ದರು. ಆಜಿಗೆ ಎಲ್ಲರಿಗಿಂತ ಮೊದಲು ಮಾಡಿಕೊಟ್ಟರು.

ತಿಂಗಳು ಮುಗಿಯುತ್ತ ಬಂದಾಗ ಒಂದು ರಜೆಯ ದಿನ ನಾನು ಸುಮ್ಮನೆ ಕೇಳಿದೆ: "ಮಾವ, ನಿಮ್ಮದು ಯಾವಾಗ ಮಾಡಿದ್ರಿ?"

ಅವರು ಯಂತ್ರದ ಗಾಜನ್ನು ಬಟ್ಟೆಯಿಂದ ಒರೆಸುತ್ತಿದ್ದರು. "ಮಾಡಿದ್ರಾತು, ಮಂದೀದು ಮುಗೀಲಿ" ಎಂದರು.

"ಮಂದಿದೆಲ್ಲ ಮುಗೀತು ಮಾವ. ನಾಳೆ ನಾಡಿದ್ದರಲ್ಲಿ ಗಡುವೂ ಮುಗಿಯುತ್ತೆ."

ಅವರು ಒರೆಸುವುದನ್ನು ನಿಲ್ಲಿಸಲಿಲ್ಲ. ನಾನು ಅತ್ತೆಯ ಕಡೆ ನೋಡಿದೆ. ಅತ್ತೆ ನೆಲ ನೋಡುತ್ತಿದ್ದರು. ಆಮೇಲೆ ಮಾವನವರೇ ಹೇಳಿದರು. ಅವರ ಜೊತೆ ಒಂದೇ ದಿನ ಕಾರ್ಖಾನೆಗೆ ಸೇರಿದ ಒಬ್ಬ ಗೆಳೆಯನಿದ್ದನಂತೆ, ಕಾಮಠಿಯಲ್ಲಿ ಮನೆ. ಯಂತ್ರ ತಂದ ಮೊದಲ ವರ್ಷದಿಂದಲೂ ಎಲ್ಲರದೂ ಮುಗಿದ ಮೇಲೆ, ನಾನು ಲ್ಯಾಬಿನಲ್ಲಿರುವ ಹೊತ್ತಿನಲ್ಲಿ, ಅವನು ಬರುತ್ತಿದ್ದ. ಇವರು ಅವನ ಬೆರಳು ಒತ್ತಿಸುವುದು, ಅವನು ಇವರ ಬೆರಳು ಒತ್ತಿಸುವುದು. ಈ ವರ್ಷ ಶ್ರಾವಣದಲ್ಲಿ ಅವನು ತೀರಿಕೊಂಡ.

"ನನ್ನ ಬೆರಳೂ ಸವೆದಾವ. ನಾ ಒಬ್ಬನ ಒತ್ತಿದ್ರ ಹಿಡೀಯಂಗಿಲ್ಲ" ಎಂದರು. ಬಟ್ಟೆಯನ್ನು ಮಡಚಿಟ್ಟು, "ಯಾರಿಗೆ ಕೇಳಬೇಕು ತಿಳೀಲಿಲ್ಲವಾ" ಎಂದರು.

ಬಡಾವಣೆಯ ಪ್ರತಿಯೊಬ್ಬರನ್ನೂ ಈ ಕುರ್ಚಿಯಲ್ಲಿ ಕೂರಿಸಿ ಎಬ್ಬಿಸಿದವರು, ತಮ್ಮದಕ್ಕೆ ಯಾರನ್ನು ಕರೆಯಬೇಕೆಂದು ತಿಳಿಯದೆ ತಿಂಗಳಿಡೀ ಗಾಜು ಒರೆಸಿಕೊಂಡು ಕೂತಿದ್ದರು.

ನಾನು ಒಳಗೆ ಹೋಗಿ ಬಿಸಿನೀರು ತಂದೆ. ಅವರ ಕೈಯನ್ನು ತೊಳೆದು ಒರೆಸಿದೆ. ಮದುವೆಯಾಗಿ ಬಂದಮೇಲೆ ಎಷ್ಟೋ ಸಲ ಅವರ ಕಾಲು ಮುಟ್ಟಿ ನಮಸ್ಕರಿಸಿದ್ದೇನೆ, ಕೈ ಹಿಡಿದದ್ದು ಅದೇ ಮೊದಲು. ಹೆಬ್ಬೆರಳು ಆಗಲಿಲ್ಲ. ತೋರುಬೆರಳೂ ಆಗಲಿಲ್ಲ. ನಡುಬೆರಳನ್ನು ಗಾಜಿನ ಮೇಲಿಟ್ಟು ನನ್ನ ಬೆರಳನ್ನು ಅದರ ಮೇಲಿಟ್ಟು ಮೆಲ್ಲಗೆ ಒತ್ತಿ ಹಿಡಿದೆ. ಮಾವನವರು ಪರದೆಯ ಕಡೆ ನೋಡಲಿಲ್ಲ, ಕಿಟಕಿಯಾಚೆ ನೋಡುತ್ತಿದ್ದರು.

"ಏನಂತವಾ?" ಎಂದು ಕೇಳಿದರು.

"ಇದ್ದೀರಂತೆ ಮಾವ" ಎಂದೆ.